ಸೋಮವಾರದ ಹೊಟ್ಟೆನೋವು | ಭಾಗ 3

ಏಳನೇ ಕ್ಲಾಸಲ್ಲಿ ನನಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರ್ತಿತ್ತು. ನಾಟಕ ಅಲ್ಲ, ನಿಜವಾದ ನೋವು.

ಅಮ್ಮ ಓಂಕಾಳಿನ ಕಷಾಯ ಮಾಡಿಕೊಟ್ರು. ಡಾಕ್ಟರ್ ಗ್ಯಾಸ್ ಮಾತ್ರೆ ಬರೆದ್ರು. ಸ್ಕ್ಯಾನಿಂಗ್ ಆಯ್ತು, ರಿಪೋರ್ಟ್ ನಾರ್ಮಲ್. ಅಜ್ಜಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು. "ಸೋಮವಾರ ಸ್ಕೂಲಲ್ಲಿ ಏನಾಗುತ್ತೆ?" ಅಂತ ಮಾತ್ರ ಯಾರೂ ಕೇಳಲಿಲ್ಲ.

ಆಗ್ತಿದ್ದಿದ್ದು ಇಷ್ಟೇ. ಮೊದಲನೇ ಪಿರಿಯಡ್‌ನಲ್ಲಿ ಟೆಸ್ಟ್ ಮಾರ್ಕ್ಸ್ ಗಟ್ಟಿಯಾಗಿ ಓದ್ತಿದ್ರು. ಕಮ್ಮಿ ಬಂದವರು ಬೆಂಚ್ ಮೇಲೆ ನಿಲ್ಲಬೇಕು. ಉಳಿದವರು ನಗಬೇಕು.

ಇದನ್ನ "ಶಿಸ್ತು" ಅಂತ ಕರೆಯೋರಿಗೇ ಈ ಪೋಸ್ಟ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಓದಿ. ಮಗುವಿಗೆ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡೋದನ್ನೂ ಅದು ನಿಷೇಧಿಸುತ್ತೆ. ನೀವು ಶಿಸ್ತು ಅಂದಿದ್ದು ಕಾನೂನಿನ ಪ್ರಕಾರ ತಪ್ಪು.

"ನಮ್ಮ ಕಾಲದಲ್ಲಿ ಈ ಡಿಪ್ರೆಶನ್ ಗಿಪ್ರೆಶನ್ ಎಲ್ಲ ಇರ್ಲಿಲ್ಲ" ಅಂತೀರಲ್ಲ, ಇತ್ತು. ಹೆಸರು ಬೇರೆ ಇತ್ತು, ಅಷ್ಟೇ. ಮಂಕು, ಮೊಂಡು, ಸೋಮಾರಿ, ಗಾಳಿ ಸೋಕಿದೆ. ಹೀಗೆ ಕರೆಸಿಕೊಂಡವರು ನಿಮ್ಮ ಮನೆತನದಲ್ಲೂ ಒಬ್ಬರಿರ್ತಾರೆ, ನೆನಪು ಮಾಡಿಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ, ನಾನು ಬಿಕಾಂ ತಾನೆ. 2015-16ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಇದೆ ಅಂತ ಅದು ಹೇಳ್ತು. 60 ಜನರ ಕ್ಲಾಸ್ ಅಂದ್ರೆ ಸುಮಾರು ನಾಲ್ಕು ಮಕ್ಕಳು. ನಿಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆದು ನೋಡಿ. ಆ ನಾಲ್ವರು ಯಾರು? ಗೊತ್ತಿಲ್ಲ ಅಲ್ವಾ? ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಅಕೌಂಟೆನ್ಸಿಯಲ್ಲಿ ಒಂದು ಪಾಠ ಇದೆ: ಪ್ರಾವಿಷನ್ ಫಾರ್ ಡೌಟ್‌ಫುಲ್ ಡೆಟ್ಸ್. ಬರಬೇಕಾದ ದುಡ್ಡು ಪೂರ್ತಿ ಮುಳುಗೋವರೆಗೂ ಕಾಯಲ್ಲ, ಅನುಮಾನ ಬಂದಾಗಲೇ ತೆಗೆದಿಡ್ತೀವಿ. ದುಡ್ಡಿನ ವಿಷಯದಲ್ಲಿ ಇಷ್ಟು ಹುಷಾರಾಗಿರೋ ನಾವು, ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲ ಕೈಮೀರಿದ ಮೇಲೆ "ಒಂದು ಮಾತು ಹೇಳಬಾರದಿತ್ತಾ" ಅಂತ ಅಳ್ತೀವಿ.

ಬೇಗ ಸಹಾಯ ಕೊಡಿ ಅಂದ್ರೆ ಎಲ್ಲ ಮಕ್ಕಳಿಗೂ ಮಾತ್ರೆ ನುಂಗಿಸಿ ಅಂತಲ್ಲ. ಒಂದಿನ ಮುಖ ಊದಿಸಿಕೊಂಡಿದ್ರೆ ಅದು ಕಾಯಿಲೆ ಅಲ್ಲ. ಆದ್ರೆ ನಿದ್ದೆ, ಊಟ, ಆಟ, ಫ್ರೆಂಡ್ಸ್ ಎಲ್ಲ ಬದಲಾಗಿ ಎರಡು ವಾರ ಆಯ್ತಾ? ಪಕ್ಕದಲ್ಲಿ ಕೂತು ಕೇಳಿ. "ನಿನಗೇನು ಕಡಿಮೆ ಮಾಡಿದೀವಿ?" ಅಂತ ಕೇಳಬೇಡಿ, ಅದು ಪ್ರಶ್ನೆ ಅಲ್ಲ, ಬಾಯಿ ಮುಚ್ಚಿಸೋ ಮಾತು. "ಏನಾಯ್ತು, ಹೇಳು, ಬೈಯಲ್ಲ" ಅನ್ನಿ. ಹೇಳಿದ ಮೇಲೆ ನಿಜವಾಗ್ಲೂ ಬೈಬೇಡಿ.

ನಿಮ್ಮ ಕೈಲಿ ಆಗಲ್ಲ ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್, 2022ರ ಅಕ್ಟೋಬರ್ 10ರಿಂದ ಇದೆ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಮಾಡಬಹುದು, ಅಪ್ಪ-ಅಮ್ಮನೂ ಮಾಡಬಹುದು.

ಶಾಲೆಯವರಿಗೆ ಒಂದು ಮಾತು. ರಿಸಲ್ಟ್ ಬಂದ ಮರುದಿನವೇ ಟಾಪರ್‌ಗಳ ಫ್ಲೆಕ್ಸ್ ಹಾಕಿಸೋಕೆ ದುಡ್ಡಿದೆ, ಕೌನ್ಸೆಲರ್ ಇಡೋಕೆ ಇಲ್ವಾ? ಪಿಟಿ ಸರ್‌ಗೇ ಆ ಕೆಲಸವನ್ನೂ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ಪೇರೆಂಟ್ಸ್, ಮುಂದಿನ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕೇಳೋ ಮೊದಲು ಇದನ್ನ ಕೇಳಿ: "ನನ್ನ ಮಗು ಇಲ್ಲಿ ಯಾರ ಹತ್ರ ಮಾತಾಡಬಹುದು?" ಉತ್ತರ ಇಲ್ಲ ಅಂದ್ರೆ ಸುಮ್ಮನೆ ಎದ್ದು ಬರಬೇಡಿ.

ಕಳೆದ ವರ್ಷ ಅಮ್ಮನಿಗೆ ಬೆಂಚಿನ ಕಥೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ "ಆಗಲೇ ಹೇಳಬಾರದಿತ್ತಾ?" ಅಂದ್ರು.

ಹೇಳಿದ್ದೆ ಅಮ್ಮಾ. ಪ್ರತಿ ಸೋಮವಾರ ಹೊಟ್ಟೆನೋವು ಅಂತ ಹೇಳಿದ್ದೆ.

ಈ ಪೋಸ್ಟನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ, ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯೆ ಇದೂ ಒಂದಿರಲಿ. ನಿಮ್ಮ "ಸೋಮವಾರ" ಯಾವುದಿತ್ತು? ಕಾಮೆಂಟಲ್ಲಿ ಬರೀರಿ. ಭಾಗ 4ರಲ್ಲಿ: ಪಿಯುಸಿ ಹಾಸ್ಟೆಲ್.

#ಮನಸಿನಮಾತು #ಬೇಗಕೇಳಿ #14416