ಪಿಸ್ತೂಲು ಅವನನ್ನು ನಿಲ್ಲಿಸೀತೇ?

ಹೋದ ತಿಂಗಳು ಮಾನ್ವಿಯಲ್ಲಿ ಸಂಘದ ಸಭೆ ಮುಗಿಸಿ ಚಹಾ ಕುಡಿಯುತ್ತಿದ್ದೆವು. ತಂಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ನನ್ನ ಹತ್ರ ಒಂದು ಪಿಸ್ತೂಲು ಇದ್ದಿದ್ರ ಅವ ಕೈ ಎತ್ತತಿದ್ದನೇನ್ರಿ?" ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಮೊಣಕೈ ಮೇಲಿನ ಬಾವು ಇನ್ನೂ ಇಳಿದಿರಲಿಲ್ಲ.

ರಾಯಚೂರಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಹಿಂದೊಮ್ಮೆ ಗಂಡನ ಹೊಡೆತದ ಮಾತೆತ್ತಿದ ವಿದ್ಯಾರ್ಥಿನಿಗೆ "ಸ್ವಲ್ಪ ಸಹಿಸಿಕೋ" ಎಂದುಬಿಟ್ಟಿದ್ದೆ. ಆ ಮಾತು ಇಂದಿಗೂ ಚುಚ್ಚುತ್ತದೆ. ಅದಕ್ಕೇ ಈ ತಂಗಿಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆನಿಸಿತು.

ಇದು ಅವಳೊಬ್ಬಳ ಪ್ರಶ್ನೆಯಲ್ಲ. ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಅತ್ಯಾಚಾರದ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಂಗಸರಿಗಾಗಿಯೇ 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಅದರ ಮೇಲೆ ಪರವಾನಗಿ ಬೇಕು. ನಮ್ಮ ಸಂಘದ ಎಷ್ಟು ಜನರ ಸಾಲ ಸೇರಿದರೆ ಅಷ್ಟು ಹಣ?

ಹಣದ ಮಾತು ಬಿಡಿ. ಅದು ನಿಲ್ಲಿಸುತ್ತದೆಯೇ? ಸಿನಿಮಾದಲ್ಲಿ ಗುಂಡು ತಗುಲಿದವನು ಹಾರಿ ಬೀಳುತ್ತಾನೆ. ಅದು ಸುಳ್ಳು. ಗುಂಡು ಅವನನ್ನು ತಳ್ಳುವ ರಭಸ, ಹೊಡೆದವಳ ಕೈಗೆ ಬೀಳುವ ಒದೆತಕ್ಕಿಂತ ಹೆಚ್ಚಿರುವುದಿಲ್ಲ. ಅವನು ಹಾರಿ ಬೀಳುವುದಾದರೆ ಅವಳೂ ಹಾರಿ ಬೀಳಬೇಕು!

ಅಮೆರಿಕದ ಮಯಾಮಿಯಲ್ಲಿ 1986ರ ಏಪ್ರಿಲ್ 11ರಂದು ಬ್ಯಾಂಕ್ ದರೋಡೆಕೋರರಿಬ್ಬರಿಗೂ ಎಫ್‌ಬಿಐ ಪೊಲೀಸರಿಗೂ ಗುಂಡಿನ ಕಾಳಗ ನಡೆಯಿತು. ಒಬ್ಬ ದರೋಡೆಕೋರನಿಗೆ ಮೊದಲಲ್ಲೇ ಎದೆಗೆ ಗುಂಡು ಹೊಕ್ಕಿತ್ತು, ಬದುಕುವ ಗಾಯವಲ್ಲ. ಆದರೂ ಅವನು ಬೀಳಲಿಲ್ಲ. ಆಮೇಲೆಯೇ ಇಬ್ಬರು ಪೊಲೀಸರನ್ನು ಕೊಂದ. ಎಫ್‌ಬಿಐ 1989ರಲ್ಲಿ ಬರೆದ ವರದಿ ಹೇಳುವುದಿಷ್ಟು: ಮಿದುಳಿಗೋ ಕತ್ತಿನ ಬೆನ್ನುಹುರಿಗೋ ತಗುಲದಿದ್ದರೆ ಮನುಷ್ಯ ತಕ್ಷಣ ನಿಲ್ಲುತ್ತಾನೆಂಬ ಭರವಸೆಯಿಲ್ಲ. ಹೃದಯವೇ ಛಿದ್ರವಾದರೂ 10ರಿಂದ 15 ಸೆಕೆಂಡು ಕೈಕಾಲು ಆಡಿಸುವಷ್ಟು ಆಮ್ಲಜನಕ ಮಿದುಳಿನಲ್ಲಿ ಉಳಿದಿರುತ್ತದೆ.

ನಮ್ಮ ಅಡುಗೆಮನೆಗಳು ಎಷ್ಟು ಉದ್ದ? ಎಂಟು ಹೆಜ್ಜೆ? ಕುಡಿದು ಬಂದವನಿಗೆ ಅಷ್ಟು ದಾಟಲು ಮೂರು ಸೆಕೆಂಡು ಸಾಕು. ಇವಳ ಕೈ ನಡುಗುತ್ತಿರುತ್ತದೆ, ನಡುವೆ ಮಗು ನಿಂತಿರುತ್ತದೆ.

ಹಾಗೆಂದು ಪಿಸ್ತೂಲು ಕೊಲ್ಲುವುದಿಲ್ಲವೇ? ಕೊಲ್ಲುತ್ತದೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಹೊಂಚು ಹಾಕಿ ಬಂದವನಿಗೆ ಅದು ಒದಗುತ್ತದೆ, ತಡೆಯುವವಳಿಗೆ ಒದಗುವುದಿಲ್ಲ. ಕೊಲ್ಲುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ.

ಇನ್ನೊಂದು ಮಾತು. ಮನೆಯ ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ, ಗೆಳತಿಯರೇ? ಅಮೆರಿಕದ 11 ನಗರಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಂಡುಕೊಂಡಂತೆ, ಹೊಡೆಯುವ ಗಂಡಸಿನ ಕೈಗೆ ಬಂದೂಕು ಎಟಕುವಂತಿದ್ದರೆ ಹೆಂಗಸು ಕೊಲೆಯಾಗುವ ಅಪಾಯ ಐದು ಪಟ್ಟು.

ಹಾಗಾದರೆ ನಿಲ್ಲಿಸುವುದು ಯಾವುದು? ದೇವದುರ್ಗದ ಒಂದು ಓಣಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಳಗೆ ಕೂಗು ಕೇಳಿದ ಕೂಡಲೇ ಹನ್ನೆರಡು ಹೆಂಗಸರು ಆ ಮನೆ ಮುಂದೆ ನಿಂತು ತಟ್ಟೆ ಬಡಿದರು. ಒಂದು ರಾತ್ರಿಯಲ್ಲ, ಕೂಗು ಕೇಳಿದ ಪ್ರತಿ ರಾತ್ರಿ. ಕೊನೆಗೆ ಕೂಗು ನಿಂತಿತು. ಎಲ್ಲ ಮನೆಯಲ್ಲೂ ಹೀಗಾಗುತ್ತದೆಂದು ನಾನು ಹೇಳಲಾರೆ. ಅದಕ್ಕೇ ಕಾನೂನೂ ಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯಬಹುದು. ಅದನ್ನು ಮುರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮನೆ ಅವನ ಹೆಸರಿನಲ್ಲಿದ್ದರೂ ಅಲ್ಲಿರುವ ಹಕ್ಕು ಅವಳಿಗಿದೆ. ಸಹಾಯವಾಣಿ 181, ತುರ್ತಿಗೆ 112.

ಕಾಗದವೂ ಒಂದು ಕ್ಷಣದಲ್ಲಿ ಕೈ ಹಿಡಿಯುವುದಿಲ್ಲ, ನಿಜ. ಆ ಕ್ಷಣಕ್ಕೆ ಬೇಕಾದದ್ದು ತೆರೆದಿರುವ ಪಕ್ಕದ ಮನೆಯ ಬಾಗಿಲು. ಮಾನ್ವಿಯ ತಂಗಿ ಅರ್ಜಿ ಹಾಕಿದ್ದಾಳೆ. ರಾತ್ರಿ ಯಾವ ಹೊತ್ತಿಗೆ ಓಡಿ ಬಂದರೂ ಬಾಗಿಲು ತೆಗೆಯುವ ಮೂರು ಮನೆಗಳನ್ನು ಸಂಘ ಗೊತ್ತು ಮಾಡಿದೆ. ನಿಮ್ಮ ಓಣಿಯಲ್ಲಿ ಅಂಥ ಮನೆಗಳು ಯಾವುವು? ಮುಂದಿನ ಸಭೆಯಲ್ಲಿ ಲೆಕ್ಕ ಓದುವ ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ.