ಬೋರ್ಡು ಏರುವ ಮುನ್ನ ನಕ್ಷೆ ನೋಡಿ!

ಹಟ್ಟಿಯ ಕನ್ನಡ ತರುಣ ತರುಣಿಯರೇ,

ಊರಿಗೆ ಹೊಸ ಹೋಟೆಲು ಬರುತ್ತದೆಂದರೆ ನಾವು ಕೇಳುವುದು ಎಷ್ಟು ಮಹಡಿ, ಎಷ್ಟು ಕೋಣೆ ಎಂದು. ಅದರ ನಕ್ಷೆ ಪಟ್ಟಣ ಪಂಚಾಯಿತಿಯ ಮೇಜಿನ ಮೇಲಿದ್ದಾಗ ಮಲಗಿರುತ್ತೇವೆ. ಇಂಗ್ಲಿಷ್ ಬೋರ್ಡು ಏರಿದ ಮೇಲೆ ಎದ್ದು ಕೂಗುತ್ತೇವೆ!

ತಡವಾದ ಎಚ್ಚರದ ಬೆಲೆ ಏನು? ನೆರೆಯ ಕೊಪ್ಪಳ ಜಿಲ್ಲೆಯ ವಿರುಪಾಪುರಗಡ್ಡೆಯನ್ನು ನೋಡಿ. ಹಂಪಿಯ ಎದುರಿನ ಆ ನಡುಗಡ್ಡೆ 1988ರಲ್ಲೇ ಸಂರಕ್ಷಿತ ಪ್ರದೇಶ. ಆದರೂ ಹೋಟೆಲು, ರೆಸಾರ್ಟುಗಳೆದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಜೆಸಿಬಿ ನುಗ್ಗಿತು. ಮೊದಲ ಕಲ್ಲಿಡುವ ದಿನವೇ ತಡೆದಿದ್ದರೆ ಕಟ್ಟಿದ ದುಡ್ಡೂ ಉಳಿಯುತ್ತಿತ್ತು, ನೆಲವೂ ಉಳಿಯುತ್ತಿತ್ತು.

ನುಡಿಯ ಮಾತೂ ಅಷ್ಟೇ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಫಲಕಗಳ ವಿರುದ್ಧ ಬೀದಿಗಿಳಿದವರು ಜೈಲು ಕಂಡರು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಸ್ಪಷ್ಟವಾಗಿದೆ: ನಾಮಫಲಕದ ಶೇಕಡಾ 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ. ಅಂಗಡಿಗೂ ಹೋಟೆಲಿಗೂ ಒಂದೇ ನಿಯಮ.

ನಿಮ್ಮದು ಚಿನ್ನದ ಊರು. ನೆಲದಾಳಕ್ಕಿಳಿದು ಅದಿರು ತೆಗೆಯುವ ಕಾರ್ಮಿಕ ತನ್ನೂರಿನ ಹೋಟೆಲಿನ ಹೆಸರನ್ನೇ ಓದಲಾಗದೆ ನಿಂತರೆ, ಅದು ಯಾರ ಊರು?

ನಾಳೆ ಯಾವುದೇ ಹೋಟೆಲಿನ ನಕ್ಷೆ ಪಂಚಾಯಿತಿಗೆ ಬಂದರೆ ನಿಮ್ಮ ವಾರ್ಡಿನ ಸದಸ್ಯರ ಬಾಗಿಲು ತಟ್ಟಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕಡತ ಕೇಳಿ. ಜಾಗ ಯಾರದು? ಚರಂಡಿ ನೀರು ಎಲ್ಲಿಗೆ? ಬೋರ್ಡಿನಲ್ಲಿ ಕನ್ನಡ ಎಲ್ಲಿ? ಉತ್ತರ ಬರುವ ತನಕ ಬಿಡಬೇಡಿ.

ಕಲ್ಲು ಎತ್ತುವ ಮುನ್ನ ಕಡತ ಕೈಗೆತ್ತಿಕೊಳ್ಳಿ!

ಸಿರಿಗನ್ನಡಂ ಗೆಲ್ಗೆ!