ಬಾಡಿಗೆ ಮನೆಯವನ ಮತ

‘ನಿಮ್ಮ ಮಗಗ ಯಾಕ ಬೇಕಾಗಿತ್ರೀ ಆ ಉಸಾಬರಿ? ಅದು ಅವರ ಮನಿ ಜಗಳ. ಸುಮ್ಮ ಮನ್ಯಾಗ ಕುಂತಿದ್ರ ಆಗ್ತಿದ್ದಿಲ್ಲೇನು?’

2014ರ ಅಕ್ಟೋಬರದಲ್ಲಿ, ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ಚಹಾದ ಕಪ್ಪು ಕೈಯಲ್ಲಿ ಹಿಡಿದು ನನಗೆ ಕೇಳಿದ ಮಾತು ಇದು. ಸುತ್ತ ಕೂತಿದ್ದ ಏಳೆಂಟು ಮಂದಿಯೂ ತಲೆ ಹಾಕಿದರು. ನನಗೆ ಆಗ ತಕ್ಷಣ ಉತ್ತರ ಹೊಳೆಯಲಿಲ್ಲ, ‘ಹೌದ್ರೀ, ಇರಲಿ ಬಿಡ್ರಿ’ ಅಂದು ಸುಮ್ಮನಾದೆ. ಆ ಸುಮ್ಮನಾದದ್ದು ಇವತ್ತಿನವರೆಗೂ ಚುಚ್ಚುತ್ತಿದೆ. ಇಲ್ಲಿ ಬರೆಯುತ್ತಿರುವುದು ಅವತ್ತು ಹೇಳದೆ ಉಳಿದ ಉತ್ತರ.

ವಿಷಯ ಇಷ್ಟು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ಜನಮತಗಣನೆ ನಡೆಯಿತು. ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?’ ಎಂಬ ಒಂದೇ ಪ್ರಶ್ನೆ. ಹೌದು ಅಥವಾ ಇಲ್ಲ. ನನ್ನ ಮಗ ಸೊಸೆ ಇಬ್ಬರೂ ಆಗ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದರು. ಆಗಸ್ಟಿನಲ್ಲಿ ಮೊಮ್ಮಗಳು ಹುಟ್ಟಿದ್ದಳು. ಬಾಣಂತನಕ್ಕೆಂದು ನನ್ನಾಕೆ ಮೊದಲೇ ಹೋಗಿದ್ದಳು. ನನಗಿನ್ನೂ ಮೂರು ವರ್ಷ ಸರ್ವಿಸ್ ಬಾಕಿ ಇತ್ತು, ಪ್ರಿವಿಲೇಜ್ ಲೀವ್ ಹಾಕಿ ಒಂದು ತಿಂಗಳ ಮಟ್ಟಿಗೆ ಹೋದೆ. ಹೋಗಿ ನೋಡುತ್ತೇನೆ, ಊರೆಲ್ಲ ಕಿಟಕಿ ಕಿಟಕಿಗೆ ಚೀಟಿ ಅಂಟಿಸಿಕೊಂಡು ಕೂತಿದೆ. ಒಂದು ಕಿಟಕಿಯಲ್ಲಿ ‘ಯೆಸ್’, ಅದರ ಮೇಲಿನ ಕಿಟಕಿಯಲ್ಲಿ ‘ನೋ ಥ್ಯಾಂಕ್ಸ್’. ನನ್ನ ಮಗನ ಕಿಟಕಿ ಮಾತ್ರ ಖಾಲಿ. ಬಾಡಿಗೆ ಮನೆ ನೋಡಿ!

ಆದರೆ ಮತ ಇತ್ತು. ಇದು ನಮ್ಮ ಬಳಗದಲ್ಲಿ ಯಾರೂ ನಂಬದ ಸಂಗತಿ. ಅಲ್ಲಿನ ನಿಯಮ ಹುಟ್ಟನ್ನು ಕೇಳಲಿಲ್ಲ, ವಾಸವನ್ನು ಕೇಳಿತು. ಸ್ಕಾಟ್ಲೆಂಡಿನಲ್ಲಿ ಕಾಯ್ದೆಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ, ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದ ನಮ್ಮ ಹುಡುಗರಿಗೂ, ಮತ. ಯುರೋಪಿನ ಒಕ್ಕೂಟದವರಿಗೂ ಮತ. ಹದಿನಾರು ತುಂಬಿದ ಹುಡುಗ ಹುಡುಗಿಯರಿಗೂ ಮತ. ಆದರೆ ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಲಂಡನ್ನಿನಲ್ಲಿ ಮನೆ ಮಾಡಿದವನಿಗೆ ಇಲ್ಲ. ಸ್ವಾತಂತ್ರ್ಯದ ಪರವಾಗಿ ಜೀವಮಾನವೆಲ್ಲ ಮಾತಾಡಿದ ಜೇಮ್ಸ್ ಬಾಂಡ್ ನಟ ಶಾನ್ ಕಾನರಿ ಬಹಾಮಾಸ್‌ನಲ್ಲಿದ್ದರು, ಅವರಿಗೂ ಇಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ನನ್ನ ಮಗನಿಗೆ ಇತ್ತು.

ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ. ಇಬ್ಬರು ಗಂಡುಮಕ್ಕಳೂ ಇಂಗ್ಲೆಂಡಿನಲ್ಲಿ, ಇಬ್ಬರಿಗೂ ಮತ ಇಲ್ಲ. ಕೂಸನ್ನು ನೋಡಲು ಕೇಕು ತಂದವಳು ನನ್ನ ಸೊಸೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ಮತದಾರರ ಪಟ್ಟಿಯಲ್ಲಿ ಹೆಸರು ಹಚ್ಚಿಸಿದ್ದೀಯಾ? ಯಾರಿಗೆ ಹಾಕುತ್ತೀ ಅಂತ ಕೇಳಲಿಲ್ಲ. ನನ್ನ ಮಕ್ಕಳಿಗಿಲ್ಲದ್ದು ನಿನಗ್ಯಾಕೆ ಅಂತಲೂ ಅನ್ನಲಿಲ್ಲ.

ನಾನು 1981ರಲ್ಲಿ ಗದಗಿನಿಂದ ಒಂದು ಟ್ರಂಕು, ಧಾರವಾಡದ ಎಂ.ಕಾಂ. ಸರ್ಟಿಫಿಕೇಟು ಹಿಡಿದುಕೊಂಡು ಮುಂಬಯಿಗೆ ಬಂದವನು. ಅದಕ್ಕೆ ಮೊದಲು, ಅರವತ್ತರ ದಶಕದ ಕೊನೆಯಲ್ಲಿ, ಇಲ್ಲಿ ದಕ್ಷಿಣದವರ ಮೇಲೆ ಏನೇನಾಯಿತು ಅನ್ನುವುದನ್ನು ಉಡುಪಿ ಹೋಟೆಲುಗಳ ಹಳಬರ ಬಾಯಿಂದ ಕೇಳಿದ್ದೇನೆ. ‘ನಾವೂ ಇಲ್ಲೇ ದುಡಿದೇವಿ, ಇಲ್ಲೇ ಟ್ಯಾಕ್ಸ್ ಕಟ್ಟೇವಿ, ಇಲ್ಲಿಯ ಲೋಕಲ್‌ನಾಗ ಜೋತಾಡೇವಿ, ನಾವು ಹೊರಗಿನವರು ಹೆಂಗ?’ ಅಂತ ನಮ್ಮ ಬಳಗದಲ್ಲಿ ಗಂಟೆಗಟ್ಟಲೆ ಭಾಷಣ ಆಗುತ್ತವೆ. ಸರಿ, ಒಪ್ಪಿದೆ. ಆದರೆ ಅದೇ ಮಂದಿ ಬೆಂಗಳೂರಿಗೆ ತಂಗಿಯ ಮನೆಗೆ ಹೋಗಿ ಬಂದು ಏನನ್ನುತ್ತಾರೆ? ‘ಹೊರಗಿನವರು ತುಂಬ್ಯಾರ್ರೀ, ಇವರಿಗೆಲ್ಲಾ ವೋಟು ಕೊಟ್ಟು ಕೆಡಿಸ್ಯಾರ.’ ಒಂದೇ ಬಾಯಿ, ಎರಡು ಲೆಡ್ಜರು! ಬ್ಯಾಂಕಿನಲ್ಲಿ ಹೀಗೆ ಪುಸ್ತಕ ಬರೆದರೆ ಸಸ್ಪೆಂಡ್ ಮಾಡುತ್ತಾರೆ. ಇದ್ದಲ್ಲಿ ಮತ ಅನ್ನುವ ನಿಯಮ ಡೊಂಬಿವಲಿಗೆ ಬೇಕು ಅನ್ನುವವನು ಬೆಂಗಳೂರಿಗೂ ಎಡಿನ್‌ಬರೋಕ್ಕೂ ಅದೇ ನಿಯಮ ಒಪ್ಪಬೇಕು.

ಮತ ಇದೆ ಅಂತಾದ ಮೇಲೆ ಯಾವ ಕಡೆ? ಇದರಲ್ಲಿ ನಮ್ಮವರ ಸಲಹೆ ಕೇಳಬಾರದಾಗಿತ್ತು. ಪುಣೆಯಲ್ಲಿರುವ ನನ್ನ ಷಡ್ಡಕರು ಫೋನ್ ಮಾಡಿ ‘ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯ ಅಂದಮ್ಯಾಲ ಕೇಳೋದೇನದ? ಯೆಸ್ ಒತ್ತಲಿಕ್ಕೆ ಹೇಳ್ರಿ’ ಅಂದರು. 1947 ಇವರ ತಲೆಯಲ್ಲಿ. ಸ್ಕಾಟರು ಇಂಗ್ಲೆಂಡಿನ ಗುಲಾಮರಾಗಿರಲಿಲ್ಲ, ಸಾಮ್ರಾಜ್ಯದ ಪಾಲುದಾರರಾಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್. ಆಮೇಲೆ ನಮ್ಮ ಕೆನರಾಕ್ಕೆ, ಬಳ್ಳಾರಿಗೆ ಕಂದಾಯ ಕಟ್ಟಿದ ಥಾಮಸ್ ಮನ್ರೋ ಗ್ಲಾಸ್ಗೋದವನು.

1707ರ ಒಕ್ಕೂಟವೂ ದಂಡೆತ್ತಿ ಬಂದು ಮಾಡಿದ್ದಲ್ಲ. ಅದರ ಹಿಂದಿನ ಕಥೆ ಬ್ಯಾಂಕಿನವನಿಗೆ ಬಲು ಪರಿಚಿತ. 1698ರಿಂದ 1700ರವರೆಗೆ ಪನಾಮಾದ ಡೇರಿಯನ್ ಎಂಬಲ್ಲಿ ವಸಾಹತು ಮಾಡಲು ಹೋಗಿ, ದೇಶದ ಬಂಡವಾಳದ ದೊಡ್ಡ ಪಾಲನ್ನು ಅಲ್ಲಿಯ ಕೆಸರಿನಲ್ಲಿ ಹೂತು ಬಂದರು. ಆಮೇಲೆ ಒಕ್ಕೂಟಕ್ಕೆ ಒಪ್ಪಿದಾಗ ಇಂಗ್ಲೆಂಡ್ ಕೊಟ್ಟ ‘ಇಕ್ವಿವಲೆಂಟ್’ ಎಂಬ ಹಣ 3,98,085 ಪೌಂಡು, 10 ಶಿಲ್ಲಿಂಗು. ಮುಳುಗಿದ ಷೇರುದಾರರಿಗೂ ಅದರಲ್ಲಿ ಪಾಲು. ಆ ಹಣದ ಸಾಲಪತ್ರ ಹಿಡಿದವರ ಕಂಪನಿಯಿಂದಲೇ 1727ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಹುಟ್ಟಿತು. ಇದು ಒನ್ ಟೈಮ್ ಸೆಟ್ಲ್‌ಮೆಂಟ್, ಜಲಿಯನ್‌ವಾಲಾಬಾಗ್ ಅಲ್ಲ. ಇವರ ಮತದಲ್ಲಿ ನಮ್ಮ ಹಗೆ ತೀರಿಸಿಕೊಳ್ಳುವುದು ಪರರ ಮದುವೆಯಲ್ಲಿ ನಮ್ಮ ಬೀಗರ ಜಗಳ ತೆಗೆದ ಹಾಗೆ.

ನನ್ನ ಸಲಹೆ ‘ನೋ’ ಆಗಿತ್ತು, ಮುಚ್ಚಿಡುವುದಿಲ್ಲ. ಕಾರಣ ಪೂರ್ತಿ ಹಣಕಾಸಿನದು. ಅಲ್ಲಿ ಮೂರು ವಾಣಿಜ್ಯ ಬ್ಯಾಂಕುಗಳು ಇವತ್ತಿಗೂ ತಮ್ಮದೇ ನೋಟು ಹೊರಡಿಸುತ್ತವೆ. (ಅದರಲ್ಲೊಂದು ನೋಟನ್ನು ನನ್ನಾಕೆ ಮುಂಬಯಿಗೆ ತಂದಾಗ ಮನಿ ಚೇಂಜರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.) ನೋಟಿನ ಮೇಲೆ ಹೆಸರು ಎಡಿನ್‌ಬರೋದ್ದು, ಬೆನ್ನಿಗೆ ನಿಂತದ್ದು ಮಾತ್ರ ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್. ಸ್ವತಂತ್ರವಾದ ಮೇಲೂ ಪೌಂಡೇ ಇರುತ್ತದೆ ಎಂದು ಅಲೆಕ್ಸ್ ಸಾಲ್ಮಂಡ್ ಹೇಳುತ್ತಿದ್ದರು. ಪಾಲುದಾರಿಕೆ ಸಾಧ್ಯವಿಲ್ಲ ಎಂದು ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ 2014ರ ಫೆಬ್ರವರಿಯಲ್ಲಿ ಎಡಿನ್‌ಬರೋಕ್ಕೇ ಬಂದು ಹೇಳಿ ಹೋಗಿದ್ದರು. ಹಾಗಾದರೆ ನಾಳೆ ಬ್ಯಾಂಕಿನ ಬಾಗಿಲಲ್ಲಿ ಜನ ಸಾಲುಗಟ್ಟಿದರೆ ಹಣ ಕೊಡುವವರು ಯಾರು? 2008ರಲ್ಲಿ ಆ ರಾಯಲ್ ಬ್ಯಾಂಕ್ ಮುಳುಗುವಾಗ ಬ್ರಿಟನ್ ಸರಕಾರ ಸುರಿದದ್ದು 4,550 ಕೋಟಿ ಪೌಂಡು. ಆ ಬ್ಯಾಂಕಿನ ಆಗಿನ ಬ್ಯಾಲೆನ್ಸ್ ಶೀಟು ಇಡೀ ಬ್ರಿಟನ್ನಿನ ವಾರ್ಷಿಕ ಉತ್ಪನ್ನಕ್ಕಿಂತ ದೊಡ್ಡದು. ಐವತ್ತೈದು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ದೇಶ ಅದನ್ನು ಹೊರುತ್ತಿತ್ತೇ? ಸಾಲ್ಮಂಡರ ಕೈಯಲ್ಲಿ ಇದ್ದದ್ದು ಉತ್ತರ ಸಮುದ್ರದ ಎಣ್ಣೆ. ಆ ಬೇಸಿಗೆಯಲ್ಲಿ ಪೀಪಾಯಿಗೆ ನೂರು ಡಾಲರಿನ ಮೇಲಿತ್ತು. ಒಂದೇ ಅಡಮಾನದ ಮೇಲೆ ಅಷ್ಟು ದೊಡ್ಡ ಸಾಲ ಮಂಜೂರು ಮಾಡುವ ಮ್ಯಾನೇಜರನನ್ನು ನಾನು ಕಂಡಿಲ್ಲ.

ಸೆಪ್ಟೆಂಬರ್ 7ರ ಭಾನುವಾರ ಒಂದು ಸಮೀಕ್ಷೆಯಲ್ಲಿ ‘ಯೆಸ್’ 51, ‘ನೋ’ 49 ಅಂತ ಬಂತು. ಅದೇ ವಾರ ರಾಯಲ್ ಬ್ಯಾಂಕ್, ಲಾಯ್ಡ್ಸ್ ಎರಡೂ ‘ಯೆಸ್’ ಬಂದರೆ ನೋಂದಾಯಿತ ಕಚೇರಿ ಇಂಗ್ಲೆಂಡಿಗೆ ಎಂದವು. ನಾನು ಗೆದ್ದವನ ಹಾಗೆ ಪೇಪರು ಮಗನ ಮುಂದೆ ಹಿಡಿದೆ. ಅವನು ‘ಅಪ್ಪಾ, 85 ಸಾವಿರ ಪೌಂಡಿನ ತನಕ ಡಿಪಾಜಿಟ್‌ಗೆ ವಿಮೆ ಅದ. ನಮ್ಮದು ಅಷ್ಟಿಲ್ಲ ಬಿಡು’ ಅಂದು ನಕ್ಕ.

ನಗದೆ ಉತ್ತರ ಕೊಟ್ಟವಳು ಸೊಸೆ, ಕೂಸಿಗೆ ಹಾಲು ಕುಡಿಸುತ್ತ. ‘ಮಾವಾ, ನೀವು ಬರೀ ರೊಕ್ಕದ ಲೆಕ್ಕ ಹೇಳಿದ್ರಿ. ಇಲ್ಲಿಂದ ಲಂಡನ್ನಿಗೆ 59 ಎಂಪಿ ಹೋಗ್ತಾರ, ಅದರಾಗ ಪ್ರಧಾನಿ ಪಕ್ಷದವರು ಒಬ್ಬರೇ ಒಬ್ಬರು. ಅಣುಬಾಂಬಿನ ಸಬ್‌ಮರೀನ್ ಮಾತ್ರ ಇಲ್ಲೇ ಫಾಸ್ಲೇನ್‌ನಾಗ ಇಟ್ಟಾರ. ನನ್ನ ಮಗಳು ಇಲ್ಲಿ ಹುಟ್ಯಾಳ. ಇಲ್ಲಿಯವರು ಬ್ಯಾಡಂದದ್ದು ಇಲ್ಲಿ ಯಾಕ ನಡೀಬೇಕು?’ ಮೂವತ್ತಮೂರು ವರ್ಷ ಸಾಲದ ಅರ್ಜಿ ಓದಿದವನಿಗೆ ಇದಕ್ಕೆ ಉತ್ತರ ಬರೆಯಲು ಕಾಲಂ ಸಿಗಲಿಲ್ಲ.

ಮತದ ದಿನ ಮಗ ‘ನೋ’, ಸೊಸೆ ‘ಯೆಸ್’. ಗುಟ್ಟೇನಿಲ್ಲ, ಅವರೇ ಹೇಳಿದ್ದು. ನಾನು ಹೊರಗೆ ಕೂಸಿನ ಗಾಡಿ ಹಿಡಿದು ನಿಂತೆ. ಬೆರಳಿಗೆ ಶಾಯಿ ಇಲ್ಲ, ಗುರುತಿನ ಚೀಟಿ ಕೇಳಲಿಲ್ಲ, ದಾರಕ್ಕೆ ಕಟ್ಟಿದ ಪೆನ್ಸಿಲಿನಿಂದ ಒಂದು ಗುಣಾಕಾರದ ಗುರುತು. ಮುನ್ನೂರು ವರ್ಷದ ರಾಜ್ಯ ಇರಬೇಕೋ ಬೇಡವೋ ಅನ್ನುವುದು ಪೆನ್ಸಿಲಿನಲ್ಲಿ! ಫಲಿತಾಂಶ: ‘ನೋ’ 20,01,926, ‘ಯೆಸ್’ 16,17,989. ನೂರಕ್ಕೆ 84.6 ಮಂದಿ ಮತ ಹಾಕಿದ್ದರು. ಒಂದು ಗುಂಡು ಹಾರಲಿಲ್ಲ.

ನಮ್ಮ ಹಿರಿಯರು ಇದನ್ನು ಕೇಳಿ ‘ಒಂದು ಹೌದು, ಒಂದು ಅಲ್ಲ, ಡೆಬಿಟ್ ಕ್ರೆಡಿಟ್ ಕಡತಾ ಆತು. ಇಬ್ಬರೂ ಮಲಗಿದ್ರೂ ಲೆಕ್ಕ ಅದೇ ಬರ್ತಿತ್ತಲ್ಲಾ’ ಅಂದರು. ಬ್ಯಾಂಕಿನವನಿಗೇ ಬ್ಯಾಂಕಿನ ಜೋಕು. ಬಾಕಿ ಸೊನ್ನೆ ಅಂದ ಮಾತ್ರಕ್ಕೆ ವ್ಯವಹಾರ ನಡೆದೇ ಇಲ್ಲ ಅಂತ ಯಾವ ಆಡಿಟರ್ ಬರೆಯುತ್ತಾನೆ? ಆ ಖಾತೆಯಲ್ಲಿ ಎರಡು ಎಂಟ್ರಿ ಇವೆ, ಎರಡರ ಮುಂದೂ ಹೆಸರಿದೆ.

ಸುಮ್ಮನಿರುವುದೇ ಸುರಕ್ಷಿತ ಅನ್ನುವವರ ಹತ್ತಿರ ಒಂದು ಗಟ್ಟಿ ವಾದ ಇದೆ, ಅದನ್ನು ನಾನೇ ಹೇಳಿಬಿಡುತ್ತೇನೆ. 1995ರ ಅಕ್ಟೋಬರ್ 30ರಂದು ಕೆನಡಾದ ಕ್ವಿಬೆಕ್‌ನಲ್ಲಿ ಇಂಥದೇ ಮತಗಣನೆ. ಪ್ರತ್ಯೇಕತೆಗೆ ನೂರಕ್ಕೆ 49.42, ವಿರುದ್ಧ 50.58. ಸೋತ ರಾತ್ರಿ ಅಲ್ಲಿಯ ಮುಖ್ಯಸ್ಥ ಜಾಕ್ ಪಾರಿಜೋ, ನಮ್ಮನ್ನು ಸೋಲಿಸಿದ್ದು ಹಣ ಮತ್ತು ಪರಜನಾಂಗದವರ ಮತಗಳು ಎಂಬರ್ಥದ ಮಾತು ವೇದಿಕೆಯ ಮೇಲೆಯೇ ಆಡಿದರು. ಮರುದಿನ ರಾಜೀನಾಮೆ ಘೋಷಿಸಿದರು, ಆದರೆ ಆಡಿದ ಮಾತು ಆಡಿ ಆಗಿತ್ತು. ವಲಸೆ ಬಂದವನು ಮತ ಹಾಕಿದರೆ ನಾಳೆ ಸೋತವರ ಬೆರಳು ಇವನ ಕಡೆ ತಿರುಗುತ್ತದೆ. ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಮನೆಯಲ್ಲಿ ಕೂರುವುದೇ? ಕೂತವನಿಗೂ ‘ನಮ್ಮ ಕಷ್ಟಕಾಲಕ್ಕೆ ಕೈ ಕಟ್ಟಿ ಕೂತ, ಸಂಬಳ ಮಾತ್ರ ತಗೊಂಡ’ ಅಂತ ಇನ್ನೊಂದು ಬೈಗುಳ ಕಾದಿರುತ್ತದೆ. ಹೇಗೂ ಬೈಸಿಕೊಳ್ಳುವುದಿದ್ದರೆ ಮತ ಹಾಕಿಯೇ ಬೈಸಿಕೊಳ್ಳಲಿ.

ಕೇಳಿದ್ದನ್ನು ಕೇಳಲಾರದವರಿಗೆ ಕೇಳದೆ ಇದ್ದವರ ನೆನಪಾಗಬೇಕು. 1967ರ ಜನವರಿ 16ರಂದು ಗೋವಾದವರನ್ನು ಮಹಾರಾಷ್ಟ್ರಕ್ಕೆ ಸೇರುತ್ತೀರೋ ಇಲ್ಲವೋ ಎಂದು ಕೇಳಿದರು. ಸೇರುವುದಕ್ಕೆ ಹೂವು, ಬೇರೆ ಇರುವುದಕ್ಕೆ ಎರಡೆಲೆ. 1,38,170ಕ್ಕೆ ಎದುರಾಗಿ 1,72,191 ಮತದಿಂದ ಎಲೆ ಗೆದ್ದಿತು. 1956ರಲ್ಲಿ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರ ಕೈಗೆ ಯಾರೂ ಮತಪತ್ರ ಕೊಡಲಿಲ್ಲ. ಕಾಸರಗೋಡಿನವರ ಕೈಗೂ ಕೊಡಲಿಲ್ಲ. ಆ ಚೀಟಿಗಾಗಿ ಎಷ್ಟು ಮೆರವಣಿಗೆ ಆದವು! ಅಂಥ ಚೀಟಿ ಕೈಗೆ ಬಂದಾಗ ‘ಉಸಾಬರಿ’ ಅನ್ನುವುದು ಯಾವ ಬಾಯಿಂದ?

ಇನ್ನು ನನ್ನ ‘ನೋ’ ಸರಿಯಿತ್ತೇ? ಅರ್ಧ. ನಾಲ್ಕೇ ತಿಂಗಳಲ್ಲಿ, 2015ರ ಜನವರಿಯಲ್ಲಿ, ಎಣ್ಣೆ ಐವತ್ತು ಡಾಲರಿಗಿಂತ ಕೆಳಗಿಳಿಯಿತು. ಆಗ ನಾನು ಫೋನಿನಲ್ಲಿ ಸ್ವಲ್ಪ ಬೀಗಿದೆ. ಆದರೆ ‘ನೋ’ದವರು ಕೊಟ್ಟ ದೊಡ್ಡ ಭರವಸೆ, ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲಿ ಉಳಿಯಿರಿ ಅನ್ನುವುದು. 2016ರ ಜೂನ್ 23ರಂದು ಬ್ರಿಟನ್ ಒಕ್ಕೂಟ ಬಿಡಲು ಮತ ಹಾಕಿತು; ಸ್ಕಾಟ್ಲೆಂಡಿನ ನೂರಕ್ಕೆ 62 ಮಂದಿ ಬೇಡವೆಂದರೂ ಹೊರಬಿತ್ತು. ನಾನು ‘ಯೆಸ್’ನ ಅಪಾಯವನ್ನೆಲ್ಲ ಪಟ್ಟಿ ಮಾಡಿದ್ದೆ, ಇದ್ದಂತೆ ಇರುವುದಕ್ಕೂ ಅಪಾಯ ಉಂಟೆಂದು ಒಂದು ಸಾಲು ಬರೆದಿರಲಿಲ್ಲ. ಅಪ್ರೈಸಲ್ ನೋಟಿನಲ್ಲಿ ಅದು ತಪ್ಪೇ. ಸೊಸೆ ‘ನಾ ಹೇಳಿದ್ದಿಲ್ಲೇನ್ರೀ’ ಅನ್ನಲಿಲ್ಲ, ಅದು ಅವಳ ದೊಡ್ಡತನ. 2016ರಲ್ಲಿಯೂ ಇವರಿಬ್ಬರಿಗೆ ಮತವಿತ್ತು. 2014ರಲ್ಲಿ ಅವರ ಜೊತೆ ಸಾಲಿನಲ್ಲಿ ನಿಂತಿದ್ದ ಪೋಲೆಂಡಿನ ಗೆಳೆಯನಿಗೆ ಈ ಸಲ ಇರಲಿಲ್ಲ, ತನ್ನ ವಾಸದ ಹಕ್ಕಿನ ಪ್ರಶ್ನೆಯೇ ಆಗಿದ್ದರೂ. ಗಂಡ ಹೆಂಡಿರಿಬ್ಬರೂ ಆ ಸಲ ಒಂದೇ ಕಡೆ ಹಾಕಿದರು. ಸೋತರು.

ಇನ್ನೊಮ್ಮೆ ಮತಗಣನೆ ಆಗಬೇಕೆಂಬ ಕೂಗು ಅಲ್ಲಿ ನಿಂತಿಲ್ಲ. ಲಂಡನ್ನಿನ ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡಿನ ಸಂಸತ್ತು ಅದಕ್ಕೆ ಕಾಯ್ದೆ ಮಾಡುವಂತಿಲ್ಲ ಎಂದು 2022ರ ನವೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದೆ.

ಆ ಹಿರಿಯರ ಸುದ್ದಿ ಒಂದು ಬಾಕಿ. 2024ರ ಮೇ 20, ಸೋಮವಾರ, ನಮ್ಮ ಕಲ್ಯಾಣ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ. ಬೆಳಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತಾಗ, ಒಟ್ಟಿಗೇ ಹೋಗೋಣ ಅಂತ ಅವರಿಗೆ ಫೋನ್ ಹಚ್ಚಿದೆ. ‘ಇಲ್ರೀ, ಶನಿವಾರನ ಊರಿಗೆ ಬಂದೇವಿ. ಸೂಟಿ ಕೂಡಿ ಬಂತು, ಮಾವಿನಹಣ್ಣಿನ ದಿನ. ಅಲ್ಲಿ ನಮ್ಮದೇನದರೀ, ಯಾರು ಬಂದ್ರೂ ಅಷ್ಟ’ ಅಂದರು. ಅವರ ಮನೆಗೆ ವಾರಕ್ಕೆ ಮೂರು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಆ ವಿಷಯದ ಅರ್ಜಿ ಮಾತ್ರ ಪ್ರತಿ ತಿಂಗಳೂ ನನ್ನ ಕೈಯಿಂದಲೇ ಬರೆಸುತ್ತಾರೆ.